ಗೇಣಿ ಭತ್ತ ಹತ್ತಿದ ಅಟ್ಟಕ್ಕೆ ಈಗ ಬಾಡಿಗೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಬಸ್ಸು ಮೇಗರವಳ್ಳಿಯಲ್ಲಿ ನಿಂತಾಗ ಇಳಿಯುವವರಲ್ಲಿ ಈಗ ಎರಡು ಬಗೆಯವರಿದ್ದಾರೆ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಪೇಟೆಯ ಸಾಮಾನಿನ ಚೀಲ ಹಿಡಿದು ಯಾರನ್ನೂ ದಾರಿ ಕೇಳದೆ ನಡೆದುಬಿಡುವವರು ಊರಿನವರು. ಬೆನ್ನಿಗೆ ಚೀಲ ಏರಿಸಿಕೊಂಡು, ಫೋನಿಗೆ ಸಿಗ್ನಲ್ ಸಿಗದೆ ಅತ್ತಿತ್ತ ನೋಡುವವರು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಎರಡು ದಿನ ಮಳೆ ನೋಡಲು ಬಂದವರು. ಅವರಿಗೆ ಬೇಕಾದುದು ಹಳೆಯ ಕಾಲದ ಮನೆ. ಆ ಮನೆಯಲ್ಲಿಯೂ ಅನೇಕರು ಆಸೆಪಟ್ಟು ಕೇಳುವುದು ಮೇಲಿನ ಕೋಣೆಯನ್ನು. ಕಡಿದಾದ ಮರದ ಮೆಟ್ಟಿಲು, ಬಗ್ಗದಿದ್ದರೆ ಹಣೆಗೆ ತಾಗುವ ತೊಲೆ, ತಲೆಯ ಮೇಲೆ ಹೆಂಚು, ಹೆಂಚಿನ ಮೇಲೆ ರಾತ್ರಿಯಿಡೀ ಸುರಿಯುವ ಮಳೆ. ಅರ್ಥಾತ್, ಅಟ್ಟ.

ಮಲೆನಾಡಿನ ಹಿರಿಯರಿಗೆ ಇದು ಸೋಜಿಗದ ಸಂಗತಿಯೇ ಸರಿ. ಅವರು ಬಲ್ಲ ಅಟ್ಟ ಬಾಳೆನಾರಿನಲ್ಲಿ ಸೌತೆಕಾಯಿ ತೂಗುಬಿಡುವ ಜಾಗ. ಹಪ್ಪಳದ ಡಬ್ಬಿ, ಕಂಬಳಿ, ಗೊರಬು, ಮದುವೆಗೆ ಮಾತ್ರ ಕೆಳಗಿಳಿಯುವ ದೊಡ್ಡ ಕೊಪ್ಪರಿಗೆಗಳನ್ನು ಪೇರಿಸಿಡುವ ಜಾಗ. ನೆಂಟರು ಬಂದರೆ ಅವರಿಗೆ ನಡುಮನೆಯಲ್ಲಿ ಹಾಸಿಗೆ ಹಾಸಿ, ಮನೆಯ ಹುಡುಗರನ್ನು ಅಟ್ಟಕ್ಕೆ ಅಟ್ಟುವುದು ವಾಡಿಕೆಯಾಗಿತ್ತು. ಹುಡುಗರನ್ನು ಅಟ್ಟಿದ ಜಾಗಕ್ಕೆ ಈಗ ಹಣ ಕೊಟ್ಟು ಮುಂಗಡವಾಗಿ ಕಾದಿರಿಸಿ ಬರುವವರಿದ್ದಾರೆ. ಮನೆಯಲ್ಲಿ ಎಲ್ಲಕ್ಕಿಂತ ಕಡೆಗಣಿಸಿದ ಜಾಗವೇ ಎಲ್ಲಕ್ಕಿಂತ ಹೆಚ್ಚು ಬೇಡಿಕೆಯ ಜಾಗವಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕಹೊರಟರೆ ಆ ಅಟ್ಟವನ್ನು ಮೊದಲು ತುಂಬಿದವರು ಯಾರು, ಅದು ಬರಿದಾದದ್ದು ಯಾವಾಗ ಎಂಬ ಪ್ರಶ್ನೆಗಳೂ ಜೊತೆಗೇ ಬರುತ್ತವೆ.

ಖಾಲಿ ಗೋದಾಮಿನ ಕಥೆ

ಇಂಗ್ಲಿಷಿನ ‘ಲಾಫ್ಟ್’ ಎಂಬ ಪದದ ಹಣೆಬರಹವೂ ಹೆಚ್ಚು ಕಡಿಮೆ ಇಂಥದೇ. ಬೆಂಗಳೂರಿನ ಸಾಧಾರಣ ಮನೆಗಳಲ್ಲಿ ಲಾಫ್ಟ್ ಎಂದರೆ ಅಡುಗೆಮನೆಯ ಗೋಡೆಯ ಮೇಲ್ಭಾಗದಲ್ಲಿ ಹಳೆಯ ಪಾತ್ರೆ, ಹರಕು ಸೂಟ್‌ಕೇಸು ಇಡುವ ಕಾಂಕ್ರೀಟಿನ ಹಲಗೆ. ಅದೇ ಪದ ಇಂದು ಮಹಾನಗರಗಳ ಜಾಹೀರಾತಿನಲ್ಲಿ ಶ್ರೀಮಂತರ ವಾಸಸ್ಥಾನವನ್ನು ಸೂಚಿಸುತ್ತದೆ. ಈ ಎರಡನೆಯ ಅರ್ಥ ಹರಡಿದ್ದು ಮುಖ್ಯವಾಗಿ ಅಮೆರಿಕದ ನ್ಯೂಯಾರ್ಕ್ ನಗರದಿಂದ.

ಅಲ್ಲಿನ ಸೋಹೋ ಎಂಬ ಹಳೆಯ ಪೇಟೆಯಲ್ಲಿ 19ನೇ ಶತಮಾನದ ಉತ್ತರಾರ್ಧದಲ್ಲಿ ಎರಕದ ಕಬ್ಬಿಣದ ಮುಖಭಾಗವುಳ್ಳ ಮಳಿಗೆಗಳೂ ಗೋದಾಮುಗಳೂ ಸಾಲುಸಾಲಾಗಿ ಎದ್ದವು. ಎರಡನೆಯ ಮಹಾಯುದ್ಧದ ನಂತರ ಉದ್ಯಮಗಳು ಬೇರೆಡೆಗೆ ಹೊರಟುಹೋದಾಗ ಮೇಲಂತಸ್ತುಗಳು ಖಾಲಿ ಬಿದ್ದವು. ಎತ್ತರದ ಚಾವಣಿ, ದೊಡ್ಡ ಕಿಟಕಿ, ಅಗ್ಗದ ಬಾಡಿಗೆ. ಚಿತ್ರಕಾರರಿಗೂ ಶಿಲ್ಪಿಗಳಿಗೂ ಇನ್ನೇನು ಬೇಕು? ಅಲ್ಲಿ ವಾಸ ಮಾಡಲು ಕಾನೂನಿನ ಅನುಮತಿ ಇರಲಿಲ್ಲ. ಆದರೂ ಅವರು ಸೇರಿಕೊಂಡರು. 1971ರಲ್ಲಿ ಕಲಾವಿದರ ವಾಸಕ್ಕೆ ನಗರಾಡಳಿತ ಒಪ್ಪಿತು. 1973ರಲ್ಲಿ ಆ ಪ್ರದೇಶಕ್ಕೆ ಐತಿಹಾಸಿಕ ಸ್ಥಾನ ದೊರೆಯಿತು. 1982ರಲ್ಲಿ ನ್ಯೂಯಾರ್ಕ್ ರಾಜ್ಯ ಇಂಥ ಕಟ್ಟಡಗಳ ಬಾಡಿಗೆದಾರರ ರಕ್ಷಣೆಗೆಂದೇ ಒಂದು ಕಾನೂನು ತಂದಿತು. ಅಷ್ಟರಲ್ಲಿ ಹಣವಂತರ ಕಣ್ಣು ಅತ್ತ ಬಿದ್ದಿತ್ತು. ಬಾಡಿಗೆ ಏರಿತು. ಪೇಟೆಗೆ ಕಳೆ ತಂದ ಕಲಾವಿದರಲ್ಲಿ ಅನೇಕರು ಆ ಬಾಡಿಗೆ ತೆರಲಾರದೆ ಹೊರಬಿದ್ದರು.

ಸರಕು ಇಡುವ ಜಾಗ ಖಾಲಿಯಾಗುವುದು, ಖಾಲಿ ಜಾಗಕ್ಕೆ ಹೊಸಬರು ಬರುವುದು, ಹೊಸಬರ ಹಿಂದೆ ಹಣ ಬರುವುದು, ಹಣ ಬಂದಾಗ ಹಳಬರು ಹೋಗುವುದು. ಸೋಹೋದ ಕಥೆಯ ಸಾರ ಇಷ್ಟು. ಮಲೆನಾಡಿನ ಅಟ್ಟದ ಕಥೆಯಲ್ಲಿ ಮೊದಲ ಮೂರು ಹೆಜ್ಜೆಗಳು ನಡೆದಾಗಿವೆ. ನಾಲ್ಕನೆಯದು ನಡೆಯುವುದೋ ಇಲ್ಲವೋ ಎಂಬುದೇ ಈಗಿನ ಪ್ರಶ್ನೆ.

ಮಳೆಗೆಂದೇ ಕಟ್ಟಿದ ಮನೆ

ಮೇಗರವಳ್ಳಿಯ ಸೀಮೆಯಲ್ಲಿ ಮನೆಯ ಯಜಮಾನ ಯಾರೇ ಇರಲಿ, ಅದರ ನಕ್ಷೆ ಬರೆದದ್ದು ಮಳೆ. ಇದೇ ರಸ್ತೆಯಲ್ಲಿ ಮುಂದಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಬೆಂಗಳೂರಿಗೆ ಬೀಳುವ ಮಳೆಯ ಏಳು ಪಟ್ಟಿಗೆ ಕಡಿಮೆಯಿಲ್ಲ. ಇದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಇಂಥ ಮಳೆಯ ನೀರು ನಿಲ್ಲದೆ ಜಾರಿಹೋಗಬೇಕಾದರೆ ಮಾಡು ಕಡಿದಾಗಿರಬೇಕು, ಗೋಡೆಗೆ ಇರಚಲು ತಾಗದಂತೆ ಸೂರು ಮುಂದಕ್ಕೆ ಚಾಚಿರಬೇಕು. ಕಡಿದಾದ ಮಾಡನ್ನು ಎತ್ತರಕ್ಕೆ ಎತ್ತಿದಾಗ ಅದರ ಕೆಳಗೆ ತಾನಾಗಿ ಒಂದು ಜಾಗ ಉಳಿಯುತ್ತದೆ. ಅದೇ ಅಟ್ಟ. ದೊಡ್ಡ ಮನೆಗಳಲ್ಲಿ ಗೋಡೆಯನ್ನು ಇನ್ನಷ್ಟು ಎತ್ತರಿಸಿ, ಕಿಟಕಿಯಿಟ್ಟು, ಮನುಷ್ಯರು ನೆಟ್ಟಗೆ ನಿಂತು ಓಡಾಡುವಂತೆ ಮಾಡಿದರೆ ಅದು ಉಪ್ಪರಿಗೆ. ಕೆಲವೆಡೆ ಮೆತ್ತು ಎಂದೂ ಕರೆಯುತ್ತಾರೆ.

ಅಟ್ಟದ ನೆಲವೇ ಕೆಳಗಿನ ಕೋಣೆಯ ಮುಚ್ಚಿಗೆ. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು ಹಾಸಿ ಗಟ್ಟಿಸುವುದು ಹಳೆಯ ಪದ್ಧತಿ. ಮಾಡಿಗೆ ಸೋಗೆಯನ್ನೋ ಹುಲ್ಲನ್ನೋ ಹೊದಿಸುತ್ತಿದ್ದ ಕಾಲದಲ್ಲಿ ಈ ಮಣ್ಣಿನ ಹಾಸಿಗೆ ದೊಡ್ಡ ಬೆಲೆಯಿತ್ತು. ಹೊದಿಕೆಗೆ ಬೆಂಕಿ ಬಿದ್ದರೂ ಅದು ಕೆಳಗಿನ ಕೋಣೆಗೆ ಇಳಿಯದಂತೆ ಮಣ್ಣು ತಡೆಯುತ್ತಿತ್ತು. ಬೇಸಿಗೆಯಲ್ಲಿ ಕೆಳಗಿನ ಕೋಣೆ ತಂಪಾಗಿರುವುದಕ್ಕೂ ಮಳೆಗಾಲದಲ್ಲಿ ಬೆಚ್ಚಗಿರುವುದಕ್ಕೂ ಅದೇ ಕಾರಣ.

ಸೋಗೆಯ ಜಾಗಕ್ಕೆ ಮಂಗಳೂರು ಹೆಂಚು ಬಂದದ್ದು ದೊಡ್ಡ ಬದಲಾವಣೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಂಡು ಕೂರುವ ಈ ಹೆಂಚು ಕ್ರಮೇಣ ಘಟ್ಟ ಹತ್ತಿ ಅನುಕೂಲಸ್ಥರ ಮನೆಗಳನ್ನು ಸೇರಿತು. ವರ್ಷವರ್ಷ ಸೋಗೆ ಹೊದಿಸುವ ಕೆಲಸ ತಪ್ಪಿತು. ಹೆಂಚು ಕೈಯಾಡಿಸುವ ಕೆಲಸ ಉಳಿಯಿತು. ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಇಟ್ಟಾಗ ಕತ್ತಲೆಯ ಅಟ್ಟಕ್ಕೆ ಬೆಳಕಿನ ಕೋಲುಗಳು ಇಳಿದವು.

ಈ ಜಾಗವನ್ನು ಕಾಪಾಡುತ್ತಿದ್ದುದು ಅಡುಗೆಮನೆಯ ಹೊಗೆ. ಒಲೆಯ ಹೊಗೆ ಮೇಲೇರಿ, ಅಟ್ಟದಲ್ಲೆಲ್ಲ ಸುಳಿದು, ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮಳೆಗಾಲದ ತಂಡಿಯಲ್ಲಿ ಬಟ್ಟೆಗೂ ಬೂಷ್ಟು ಹಿಡಿಯುವ ಈ ನಾಡಿನಲ್ಲಿ ಬೀಜದ ಭತ್ತ, ಸೌತೆಕಾಯಿ, ಒಣಗಿದ ಮುರುಗಲು ಹಣ್ಣಿನ ಸಿಪ್ಪೆ ಕೆಡದೆ ಉಳಿಯುತ್ತಿದ್ದುದು ಈ ಹೊಗೆಯಿಂದ. ತೊಲೆ, ಪಕಾಸಿ, ರೀಪುಗಳು ಮಸಿ ಬಳಿದಂತೆ ಕಪ್ಪಗಾಗುತ್ತಿದ್ದವು. ಆ ಮಸಿಯೇ ಹುಳು ಹತ್ತದಂತೆ ಮರಕ್ಕೆ ಹಾಕಿದ ಲೇಪ. ನೂರು ವರ್ಷದ ತೊಲೆ ಇಂದಿಗೂ ಗಟ್ಟಿಯಾಗಿದೆ ಎಂದರೆ ಅದರ ಪುಣ್ಯದಲ್ಲಿ ಒಲೆಯ ಮುಂದೆ ಕಣ್ಣೀರು ಸುರಿಸಿದ ಹೆಂಗಸರಿಗೂ ಪಾಲಿದೆ.

ಇಂಥ ಮನೆ ಒಳಗಿನಿಂದ ಹೇಗಿರುತ್ತದೆ ಎಂದು ನೋಡಬಯಸುವವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗುತ್ತಾರೆ. ಅಲ್ಲಿ ಕುವೆಂಪು ಅವರು ಬಾಲ್ಯ ಕಳೆದ ಮೂರು ಅಂತಸ್ತಿನ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿಸಿದೆ. 1967ರಲ್ಲಿ ಪ್ರಕಟವಾದ ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಘಟನೆಗಳು ನಡೆಯುವ ಸ್ಥಳಗಳಲ್ಲಿ ಮೇಗರವಳ್ಳಿಯೂ ಒಂದು. ಓದುಗರಲ್ಲಿ ಕೆಲವರು ಆ ಹೆಸರಿನ ಬೆನ್ನು ಹಿಡಿದೇ ಈ ಊರಿಗೆ ಬರುವುದುಂಟು.

ಕೊಳಗದ ಲೆಕ್ಕ

ಅಟ್ಟವೇನೋ ಮಳೆಯ ದೆಸೆಯಿಂದ ಹುಟ್ಟಿತು. ಅದನ್ನು ತುಂಬಿದ್ದು ಮಾತ್ರ ಗೇಣಿ. ಇಂಗ್ಲಿಷಿನಲ್ಲಿ ‘ರೆಂಟ್’ ಎಂಬ ಒಂದೇ ಪದದಲ್ಲಿ ಮುಗಿಯುವುದಕ್ಕೆ ಕನ್ನಡದಲ್ಲಿ ಎರಡು ಪದಗಳಿವೆ. ಮನೆಗೆ, ಗಾಡಿಗೆ, ಪಾತ್ರೆಗೆ ಕೊಡುವುದು ಬಾಡಿಗೆ. ಇನ್ನೊಬ್ಬರ ಹೊಲಗದ್ದೆ ಉತ್ತಿದ್ದಕ್ಕೆ ಕೊಡುವುದು ಗೇಣಿ. ಮಲೆನಾಡಿನ ದೊಡ್ಡ ಮನೆಗಳು ದೊಡ್ಡದಾದದ್ದು ಬಹುಮಟ್ಟಿಗೆ ಅಡಿಕೆ ತೋಟದಿಂದ ಮತ್ತು ಈ ಎರಡನೆಯ ಪದದಿಂದ.

ಸುಗ್ಗಿಯಾದ ಮೇಲೆ ಗೇಣಿದಾರ ಭತ್ತವನ್ನು ಹೊತ್ತು ಒಡೆಯರ ಅಂಗಳಕ್ಕೆ ತಂದು ಸುರಿಯಬೇಕು. ಅಲ್ಲಿ ಕೊಳಗದಿಂದ ಅಳತೆಯಾಗಬೇಕು. ಅಳೆದ ಭತ್ತ ಕಣಜ, ಪಣತ, ಅಟ್ಟಗಳನ್ನು ಸೇರಬೇಕು. ಹೊತ್ತು ತಂದವನು ಅಂಗಳದಲ್ಲಿಯೇ ಉಳಿಯಬೇಕು. ಜಾತಿಯ ಕಟ್ಟಳೆ ಬಿಗಿಯಾಗಿದ್ದ ಆ ದಿನಗಳಲ್ಲಿ ಅನೇಕರಿಗೆ ಜಗಲಿ ಹತ್ತುವುದೇ ನಿಷಿದ್ಧ. ಅಟ್ಟದ ಮಾತು ಇನ್ನೆಲ್ಲಿ? ಭತ್ತ ಮೆಟ್ಟಿಲು ಹತ್ತಿತು, ಭತ್ತ ಬೆಳೆದವನು ಹತ್ತಲಿಲ್ಲ. ಹಳೆಯ ಮನೆಗಳ ಸೊಬಗನ್ನು ಹೊಗಳುವಾಗ ಈ ಮಾತನ್ನು ಮರೆತರೆ ಅರ್ಧ ಕಥೆ ಹೇಳಿದಂತೆಯೇ.

ಅಳೆಯುವ ಕೊಳಗದ ಗಾತ್ರವೇ ಕೊನೆಗೆ ಹೋರಾಟಕ್ಕೆ ಕಾರಣವಾಯಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗ ದೊಡ್ಡದಾಗಿದೆ, ಅದರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಗೇಣಿದಾರರು ತಿರುಗಿ ನಿಂತರು. ಅವರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. 1951ರಲ್ಲಿ ನಡೆದ ಕಾಗೋಡು ಸತ್ಯಾಗ್ರಹಕ್ಕೆ ಸಮಾಜವಾದಿ ಪಕ್ಷ ಕೈಜೋಡಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮಲೆನಾಡಿನ ಮೂಲೆಯ ಒಂದು ಹಳ್ಳಿಯ ಅಳತೆಯ ತಕರಾರು ದೇಶದ ಸುದ್ದಿಯಾಯಿತು.

ಉಳುವವನಿಗೆ ಭೂಮಿ ಸಿಗಲು ಇನ್ನೂ ಎರಡು ದಶಕ ಕಾಯಬೇಕಾಯಿತು. ಡಿ. ದೇವರಾಜ ಅರಸು ಅವರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ಹಾಜರಾಗಿ, ತಾವು ಉಳುತ್ತಿದ್ದ ನೆಲಕ್ಕೆ ಹಕ್ಕುದಾರರಾದರು. ಅಂದಿನಿಂದ ದೊಡ್ಡ ಮನೆಗಳ ಅಂಗಳಕ್ಕೆ ಗೇಣಿ ಭತ್ತ ಬರುವುದು ನಿಂತಿತು.

ಅಟ್ಟ ಬರಿದಾದಾಗ

ಬರಿದಾದ ಅಟ್ಟಕ್ಕೆ ಅದೊಂದೇ ಕಾರಣವಲ್ಲ. ಒಂದರ ಹಿಂದೆ ಒಂದರಂತೆ ಅದರ ಕೆಲಸಗಳೆಲ್ಲ ಬೇರೆ ಕಡೆಗೆ ಹೋದವು. ಭತ್ತ ಅಕ್ಕಿಯ ಗಿರಣಿಗೆ ಹೋಯಿತು. ದರ ಏರುವವರೆಗೆ ಮನೆಯಲ್ಲಿ ಕಾದಿರುತ್ತಿದ್ದ ಅಡಿಕೆ ಚೀಲಗಳು ಸಹಕಾರ ಸಂಘಗಳ ಗೋದಾಮಿಗೆ ಹೋದವು. ಶಿವಮೊಗ್ಗದಲ್ಲಿ 1939ರಲ್ಲಿ ಆರಂಭವಾದ ಮ್ಯಾಮ್ಕೋಸ್ ಇವುಗಳಲ್ಲಿ ಹೆಸರಾದುದು. ತರಕಾರಿ ವಾರದ ಸಂತೆಯಲ್ಲಿ ಸಿಗತೊಡಗಿದ ಮೇಲೆ ಮಳೆಗಾಲಕ್ಕೆಂದು ಸೌತೆಕಾಯಿ ಕಟ್ಟಿಡುವ ಅಗತ್ಯ ತಗ್ಗಿತು. ಅಡುಗೆಮನೆಗೆ ಗ್ಯಾಸ್ ಒಲೆ ಬಂದಾಗ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ನೆಮ್ಮದಿ ಸಿಕ್ಕಿತು. ಆದರೆ ಅಟ್ಟಕ್ಕೆ ಹೊಗೆ ಏರುವುದು ನಿಂತು ಮರಕ್ಕೆ ಹುಳು ಹತ್ತಲು ಶುರುವಾಯಿತು.

ಜನರೂ ಕಡಿಮೆಯಾದರು. ಮೂವತ್ತು ನಲವತ್ತು ಎಲೆ ಹಾಕುತ್ತಿದ್ದ ಪಂಕ್ತಿಯಲ್ಲಿ ಈಗ ಇಬ್ಬರು ವೃದ್ಧರು ಕೂರುವ ಮನೆಗಳಿವೆ. ಅಟ್ಟದಲ್ಲಿ ಮಲಗಿ ಓದಿದ ಹುಡುಗರೇ ಶಿವಮೊಗ್ಗಕ್ಕೆ, ಬೆಂಗಳೂರಿಗೆ, ಅಲ್ಲಿಂದ ವಿದೇಶಗಳಿಗೆ ಹೋದರು. ಅಣ್ಣತಮ್ಮಂದಿರ ಪಾಲಿನಲ್ಲಿ ತೋಟ ಹಂಚಿಕೊಳ್ಳುವುದು ಸುಲಭ. ಒಂದೇ ಮಾಡಿನ ಕೆಳಗಿನ ಮನೆಯನ್ನು ಹಂಚಿಕೊಳ್ಳುವುದು ಕಷ್ಟ. ಹೀಗಾಗಿ ಹಲವು ಕಡೆ ಪಾಲು ಎಂದರೆ ಮನೆ ಬಿಚ್ಚುವುದು ಎಂದೇ ಅರ್ಥವಾಯಿತು. ಹೆಬ್ಬಾಗಿಲು ಒಬ್ಬರಿಗೆ, ಕಂಬಗಳು ಇನ್ನೊಬ್ಬರಿಗೆ, ಉಳಿದದ್ದು ಹಳೆ ಮರದ ವ್ಯಾಪಾರಿಗೆ. ಹಲಸು, ಬೀಟೆಯ ಕೆತ್ತನೆಯ ಕಂಬಗಳು ಲಾರಿ ಹತ್ತಿ ನಗರದ ಹೋಟೆಲುಗಳ, ಬಂಗಲೆಗಳ ಅಲಂಕಾರವಾದವು.

ಬಿಚ್ಚಿದ ಮನೆಗಳೆಲ್ಲ ಹಾಳಾದವು ಎನ್ನುವಂತಿಲ್ಲ. ಮೇಗರವಳ್ಳಿಯ ಮೂಲಕ ಹೋಗುವ ಇದೇ ಹೆದ್ದಾರಿಯಲ್ಲಿ ಆಗುಂಬೆ ಘಾಟಿಯ ತಿರುವುಗಳನ್ನು ಇಳಿದು ಹೆಬ್ರಿ ದಾಟಿ ಮುಂದೆ ಹೋದರೆ ಮಣಿಪಾಲ ಸಿಗುತ್ತದೆ. ಅಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಅಳಿವಿನಂಚಿನಲ್ಲಿದ್ದ ಹಳೆಯ ಮನೆಗಳನ್ನು ಕೊಂಡು, ಬಿಡಿಭಾಗಗಳಿಗೆ ಗುರುತು ಹಾಕಿ, ಬಿಚ್ಚಿ ತಂದು ಮತ್ತೆ ಮೊದಲಿನಂತೆ ಜೋಡಿಸಿದ ಸಾಹಸ ಅದು. 2017ರಲ್ಲಿ ಶೆಣೈ ಅವರು ತೀರಿಕೊಂಡರು. ಅವರು ಉಳಿಸಿದ ಕುಂಜೂರು ಚೌಕಿ ಮನೆಯಂಥ ಮನೆಗಳನ್ನು ಇಂದು ನೋಡಬಹುದು. ಆದರೆ ಅಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ, ಬೆಳಿಗ್ಗೆ ಯಾರೂ ಒಲೆ ಹಚ್ಚುವುದಿಲ್ಲ. ವಸ್ತುಸಂಗ್ರಹಾಲಯದಲ್ಲಿ ಮನೆ ಉಳಿಯುತ್ತದೆ; ಮನೆತನ ಉಳಿಸುವುದು ಅದರ ಕೈಯಲ್ಲಿ ಇಲ್ಲ.

ಬಿಚ್ಚಿ ಮಾರುವುದು ಒಂದು ದಾರಿ, ಸಂಗ್ರಹಾಲಯ ಮಾಡುವುದು ಇನ್ನೊಂದು ದಾರಿ. ಇವೆರಡೂ ಬೇಡವೆಂದವರಿಗೆ ಸಿಕ್ಕ ಮೂರನೆಯ ದಾರಿಯೇ ಬಾಡಿಗೆ.

ಆಸರಿಗೆಗೆ ಬೆಲೆ ಎಷ್ಟು?

ಹಣ ಪಡೆದು ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಪದ್ಧತಿ ಕರ್ನಾಟಕದಲ್ಲಿ ಮೊದಲು ಬೇರೂರಿದ್ದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ. ಅಲ್ಲಿಂದ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಿಗೂ ಹರಡಿತು. ಆಗುಂಬೆಗೆ ಜನ ಬರಲು ಸೂರ್ಯಾಸ್ತ, ಮಳೆ, ಕಾಳಿಂಗ ಸರ್ಪಗಳ ಜೊತೆಗೆ ದೂರದರ್ಶನವೂ ಕಾರಣ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಅಲ್ಲಿ ಚಿತ್ರೀಕರಣಗೊಂಡು 1986ರಲ್ಲಿ ಪ್ರಸಾರವಾಯಿತು. ಅದರಲ್ಲಿ ಕಾಣಿಸಿಕೊಂಡ ದೊಡ್ಡಮನೆ ಆಮೇಲೆ ದೇಶದ ನಾನಾ ಮೂಲೆಗಳಿಂದ ಬಂದವರಿಗೆ ತಂಗುದಾಣವಾಯಿತು. ದರದ ಪಟ್ಟಿ ತೂಗುಹಾಕದೆ ಊಟ, ವಸತಿ ಕೊಟ್ಟು, ಹೊರಡುವಾಗ ಅತಿಥಿಗಳು ಮನಸ್ಸಿಗೆ ಬಂದಷ್ಟು ಕೊಟ್ಟದ್ದನ್ನು ಸ್ವೀಕರಿಸಿದ ಮನೆ ಎಂದು ಅದಕ್ಕೆ ಹೆಸರು ಬಂತು.

ದರ ಹೇಳಲು ಹಿಂಜರಿಯುವ ಈ ಗುಣವನ್ನು ನಗರದವರು ವ್ಯವಹಾರ ತಿಳಿಯದ ಮುಗ್ಧತೆ ಎಂದು ಭಾವಿಸುವುದುಂಟು. ಅದರ ಬೇರು ಬೇರೆಡೆ ಇದೆ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಗದ್ದೆ, ತೋಟ, ಗುಡ್ಡಗಳ ಅಂತರ. ಹೊತ್ತು ಮುಳುಗಿದ ಮೇಲೆ ಮಳೆಯಲ್ಲಿ ತೊಯ್ದು ಬಂದವನಿಗೆ ಸಿಕ್ಕ ಮನೆಯೇ ಗತಿ. ಬಂದವರಿಗೆ ಕಾಲಿಗೆ ನೀರು ಕೊಟ್ಟು, ‘ಆಸರಿಗೆ ಏನು ಬೇಕು?’ ಎಂದು ಕೇಳಿ, ಬೆಲ್ಲ ನೀರು ಮುಂದಿಡುವುದು ಇಲ್ಲಿನ ಮರ್ಯಾದೆ. ಇಂದು ಬಂದವನ ಮನೆಗೆ ನಾಳೆ ತಾವೂ ಹೋಗಬೇಕಾದೀತು ಎಂಬ ಅರಿವು ಅದರ ಹಿಂದಿತ್ತು. ಜಾತಿ ನೋಡಿ ಜಾಗ ತೋರಿಸುವ ಮಿತಿಯೂ ಅದಕ್ಕಿತ್ತು. ಆದರೆ ಊಟಕ್ಕೆ ದುಡ್ಡು ಕೇಳುವುದು ಮಾತ್ರ ಯಾವ ಮನೆತನಕ್ಕೂ ತಲೆತಗ್ಗಿಸುವ ಸಂಗತಿ.

ಹೀಗೆ ಬೆಳೆದವರು ಈಗ ತಲೆಗಿಷ್ಟು ಎಂದು ಲೆಕ್ಕ ಹೇಳಬೇಕಾಗಿದೆ. ಇಲ್ಲಿನ ಬಹುಪಾಲು ಮನೆಗಳಲ್ಲಿ ಕೋಣೆಗೆ ಇಷ್ಟು ಎನ್ನುವುದಕ್ಕಿಂತ ಊಟ ತಿಂಡಿ ಸೇರಿ ಒಬ್ಬರಿಗೆ ಇಷ್ಟು ಎಂದು ದರ ಹೇಳುವುದೇ ಹೆಚ್ಚು. ಕೋಣೆಗೆ ಹಣ ಕೇಳಲು ಬಾಯಿ ಬಂದೀತು. ಬಡಿಸಿದ ಕಡುಬಿಗೆ, ಅಕ್ಕಿರೊಟ್ಟಿಗೆ ಬೇರೆ ಬೇರೆಯಾಗಿ ಬೆಲೆ ಕಟ್ಟಲು ಮನಸ್ಸು ಬಾರದು. ಎರಡನ್ನೂ ಸೇರಿಸಿ ಒಂದು ಅಂಕಿ ಹೇಳುವುದು ಸಂಕೋಚಕ್ಕೆ ಕಂಡುಕೊಂಡ ಉಪಾಯ.

ಅಂಗಳದಲ್ಲಿ ನಿಂತ ಜಾತಿಯ ಲೆಕ್ಕವನ್ನು ಈ ಬಾಡಿಗೆ ಒಂದು ಮಟ್ಟಿಗೆ ಅಳಿಸಿದೆ ಎಂಬುದನ್ನೂ ಹೇಳಬೇಕು. ಫೋನಿನಲ್ಲಿ ಕೋಣೆ ಕಾದಿರಿಸಿದವರ ಕುಲಗೋತ್ರ ಯಾರಿಗೂ ತಿಳಿಯದು. ಅಜ್ಜ ಕೊಳಗದ ಮುಂದೆ ಕೈಕಟ್ಟಿ ನಿಂತಿದ್ದ ಅಂಗಳಕ್ಕೆ ಮೊಮ್ಮಗ ಕಾರಿನಲ್ಲಿ ಬಂದಿಳಿದು, ಬಾಡಿಗೆ ಕೊಟ್ಟು, ಅಜ್ಜ ಭತ್ತ ಹೊತ್ತು ತಂದ ಮನೆಯ ಅಟ್ಟದಲ್ಲಿ ಮಲಗುವುದು ಇಂದು ಸಾಧ್ಯ. ಭೂಸುಧಾರಣೆಯಿಂದ ನೆಲ ಪಡೆದವರ ಮನೆಗಳಿಗೂ ಅತಿಥಿಗಳನ್ನು ಕರೆಯುವ ದಾರಿ ತೆರೆದಿದೆ. ಗೇಣಿ ಪಡೆಯುತ್ತಿದ್ದ ಮನೆ ಬಾಡಿಗೆ ಪಡೆಯುವ ಮನೆಯಾದಾಗ ಒಡೆತನ ಅಲ್ಲೇ ಉಳಿದರೂ ಮೆಟ್ಟಿಲಿನ ಕಟ್ಟಳೆ ಬದಲಾಯಿತು.

ಹೊಗೆ ಮತ್ತು ನೀರು

ಬಾಡಿಗೆ ಬಂದರೆ ಮನೆ ಉಳಿದೀತು ಎಂಬ ನಂಬಿಕೆ ನಿಜವೇ. ಆದರೆ ಅದು ಅಷ್ಟು ಸರಳವಾಗಿಲ್ಲ. ಅಟ್ಟವನ್ನು ಕೋಣೆಯಾಗಿಸಲು ಹೊರಟಾಗ ಎರಡು ಸಮಸ್ಯೆಗಳು ಎದುರಾಗುತ್ತವೆ: ಒಂದು ಹೊಗೆ, ಇನ್ನೊಂದು ನೀರು.

ಅತಿಥಿಗಳಿರುವ ಕೋಣೆಗೆ ಹೊಗೆ ಬಿಡುವಂತಿಲ್ಲ. ಹೊಗೆಯಿಲ್ಲದಿದ್ದರೆ ಮರಕ್ಕೆ ಕಾವಲಿಲ್ಲ. ಆದ್ದರಿಂದ ವರ್ಷ ಎರಡು ವರ್ಷಕ್ಕೊಮ್ಮೆ ಎಣ್ಣೆಯೋ ಹುಳು ನಿರೋಧಕ ಔಷಧವೋ ಬಳಿಯಬೇಕು. ನೀರಿನದು ಇನ್ನೂ ಕಷ್ಟ. ಹಳೆಯ ಮನೆಯಲ್ಲಿ ಬಚ್ಚಲು ಹಿತ್ತಲ ಕಡೆಗೆ, ಮನೆಯ ಅಂಚಿನಲ್ಲಿ. ಹಂಡೆಯ ಒಲೆ ಅಲ್ಲಿ ಸದಾ ಉರಿಯುತ್ತಿರುತ್ತದೆ. ಬಾಡಿಗೆಗೆ ಬರುವವರಲ್ಲಿ ಅನೇಕರು ಕೋಣೆಗೆ ಹೊಂದಿಕೊಂಡಂತೆಯೇ ಶೌಚಾಲಯ ಕೇಳುತ್ತಾರೆ. ಹಲಗೆ ಮತ್ತು ಮಣ್ಣಿನ ಮುಚ್ಚಿಗೆಯ ಮೇಲೆ ಕೊಳವೆ ಎಳೆದು ಬಚ್ಚಲು ಕಟ್ಟಿದರೆ ಭಾರ ತಡೆಯದು, ಒಂದು ಸಣ್ಣ ಸೋರಿಕೆ ಸಾಕು, ತೊಲೆ ಕೊಳೆಯಲು ಆರಂಭವಾಗುತ್ತದೆ. ಬಲ್ಲವರು ಗೋಡೆಯ ಹೊರಮೈಗೆ ಪ್ರತ್ಯೇಕ ಅಡಿಪಾಯ ಹಾಕಿ ಬಚ್ಚಲನ್ನು ಬೇರೆಯಾಗಿ ಎಬ್ಬಿಸಿ, ಬಾಗಿಲು ಮಾತ್ರ ಅಟ್ಟಕ್ಕೆ ತೆರೆಯುವಂತೆ ಮಾಡುತ್ತಾರೆ. ಅದಕ್ಕೆ ಖರ್ಚು ಹೆಚ್ಚು. ಖರ್ಚಿಗೆ ಹೆದರಿದವರು ಹಳೆಯ ಮುಚ್ಚಿಗೆ ಕಿತ್ತು ಕಾಂಕ್ರೀಟ್ ಹಾಕಿಬಿಡುತ್ತಾರೆ. ಆಗ ಅತಿಥಿ ಹುಡುಕಿ ಬಂದ ಅಟ್ಟವೇ ಅಲ್ಲಿರುವುದಿಲ್ಲ.

ಹೆಂಚಿನ ಕೆಲಸ ಬೇರೆ. ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಹತ್ತಿ, ಒಡೆದ ಹೆಂಚು ತೆಗೆದು, ಕಸ ಗುಡಿಸಿ, ರೀಪು ಬದಲಾಯಿಸಿ ಹೊಸ ಹೆಂಚು ಕೂರಿಸಬೇಕು. ಮಂಗಗಳು ಮಾಡಿನ ಮೇಲೆ ಓಡಾಡಿದರೆ ಮತ್ತೆ ಹತ್ತಬೇಕು. ಈ ಕೆಲಸ ಬಲ್ಲವರು ಈಗ ಕಡಿಮೆ. ಅತಿಥಿಗಳು ಹೆಚ್ಚಾಗಿ ಬರುವುದು ಮಳೆ ನೋಡಲು, ಅಂದರೆ ಮನೆ ಅತಿ ಹೆಚ್ಚು ಕಷ್ಟದಲ್ಲಿರುವ ತಿಂಗಳುಗಳಲ್ಲಿ. ಅತಿಥಿ ಕೊಟ್ಟ ಹಣದಲ್ಲಿ ಊಟದ ಖರ್ಚು, ಕೆಲಸದವರ ಕೂಲಿ ಕಳೆದು ಮಾಡಿಗೆ ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ಮನೆಯ ಆಯುಷ್ಯ ನಿಂತಿದೆ.

ಮನೆಯಲ್ಲಿ ಯಾರಿದ್ದಾರೆ?

ಹೋಂ ಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಕೋಣೆಗಳ ಸಂಖ್ಯೆಗೆ ಮಿತಿ ಇರುತ್ತದೆ. ಮನೆಯವರು ಅಲ್ಲಿಯೇ ವಾಸವಿರಬೇಕು ಎಂಬುದು ಈ ವ್ಯವಸ್ಥೆಯ ಜೀವಾಳ. ಹೋಟೆಲಿಗೂ ಇದಕ್ಕೂ ಇರುವ ವ್ಯತ್ಯಾಸವೇ ಅದು.

ಈ ಕೊನೆಯ ನಿಯಮ ಕಾಗದದಲ್ಲಿ ಮಾತ್ರ ಉಳಿದರೆ ಸೋಹೋದ ನಾಲ್ಕನೆಯ ಹೆಜ್ಜೆ ಇಲ್ಲಿಯೂ ಬೀಳುತ್ತದೆ. ಮನೆಯವರು ಮನೆಯನ್ನು ಪೂರ್ತಿಯಾಗಿ ಹೊರಗಿನವರಿಗೆ ವಹಿಸಿ ಪೇಟೆ ಸೇರಬಹುದು. ಆಗ ಕಂಬ, ತೊಲೆ, ಹೆಂಚು ಎಲ್ಲವೂ ಇದ್ದಲ್ಲೇ ಇರುತ್ತವೆ. ತೊಳೆದು ಹೊಳಪು ಕೊಟ್ಟು ಇನ್ನೂ ಚೆಂದವಾಗಿಯೇ ಇರಬಹುದು. ಅಂಗಳದ ತುಳಸಿಗೆ ನೀರು ಹಾಕುವುದು ಸಂಬಳದ ಕೆಲಸವಾಗುತ್ತದೆ. ಯಾವ ತೊಲೆ ಯಾವ ಮಳೆಗಾಲದಲ್ಲಿ ಸೋರಿತ್ತು, ಅಟ್ಟದ ಯಾವ ಮೂಲೆಯಲ್ಲಿ ಕಾಲಿಡಬಾರದು, ಬೀಜದ ಸೌತೆಯನ್ನು ಎಲ್ಲಿ ಕಟ್ಟಬೇಕು ಎಂದು ಬಲ್ಲವರು ಅಲ್ಲಿರುವುದಿಲ್ಲ. ಅಷ್ಟೇ ಏಕೆ, ಅಂಗಳದಲ್ಲಿ ಕೊಳಗ ಅಳೆದ ಕಥೆ ಹೇಳಲೂ ಯಾರೂ ಇರುವುದಿಲ್ಲ. ಒಡೆಯರ ಮನೆಯ ಮಗಳೋ, ಗೇಣ��ದಾರರ ಮನೆಯ ಮಗನೋ, ಆ ಕಥೆಯನ್ನು ಯಾರಾದರೂ ಹೇಳಲೇಬೇಕು. ಇಲ್ಲದಿದ್ದರೆ ಹಳೆಯ ಮನೆ ಬರೀ ಹಳೆಯ ಮರವಾಗಿ ಉಳಿಯುತ್ತದೆ.

ಬಾಡಿಗೆಗೆ ಹೋಗುವವರ ಕೈಯಲ್ಲಿಯೂ ಒಂದಿಷ್ಟು ಇದೆ. ಕಾದಿರಿಸುವ ಮುನ್ನ ಮನೆಯವರು ಅಲ್ಲಿಯೇ ಇರುತ್ತಾರೆಯೇ ಎಂದು ಕೇಳಬಹುದು. ನೋಂದಣಿಯಾಗಿದೆಯೇ ಎಂದು ಕೇಳಬಹುದು. ಬಚ್ಚಲು ಕೆಳಗಿದ್ದರೂ ಸರಿ ಎಂದು ಒಪ್ಪಿಕೊಂಡರೆ ಒಂದು ಮುಚ್ಚಿಗೆ ಉಳಿಯುತ್ತದೆ. ಹತ್ತು ಜನರ ಗುಂಪು ಅಟ್ಟದ ಮೇಲೆ ಕುಣಿದು ಕುಪ್ಪಳಿಸದಿದ್ದರೆ ನೂರು ವರ್ಷದ ಜಂತಿಗೆ ಇನ್ನಷ್ಟು ಆಯುಷ್ಯ ಸಿಗುತ್ತದೆ. ದರದಲ್ಲಿ ಚೌಕಾಸಿ ಮಾಡುವಾಗ ಆ ಹಣದಲ್ಲಿ ಬರಲಿರುವ ಮಳೆಗಾಲದ ಹೆಂಚೂ ಇದೆ ಎಂಬುದು ನೆನಪಿದ್ದರೆ ಒಳ್ಳೆಯದು.

ಭಾನುವಾರ ಸಂಜೆ ಅತಿಥಿಗಳು ಹೊರಡುತ್ತಾರೆ. ಮೇಗರವಳ್ಳಿಯ ರಸ್ತೆ ಬದಿಯಲ್ಲಿ ಬೆನ್ನಿನ ಚೀಲಗಳು ಮತ್ತೆ ಬಸ್ಸಿಗೆ ಕಾಯುತ್ತವೆ. ಹಿಂದೆ ಮನೆಯಲ್ಲಿ ಯಾರಾದರೂ ಮೆಟ್ಟಿಲು ಹತ್ತಿ ಹಾಸಿಗೆ ಮಡಚಿ, ಕಿಟಕಿ ಹಾಕಿ, ತಲೆಯೆತ್ತಿ ಹೆಂಚಿನ ಕಡೆ ಒಮ್ಮೆ ನೋಡುತ್ತಾರೆ: ಎಲ್ಲಿಯಾದರೂ ಹನಿ ಬೀಳುತ್ತಿದೆಯೇ ಎಂದು. ಭತ್ತವಿದ್ದ ಕಾಲದಲ್ಲಿಯೂ ಹೀಗೆಯೇ ನೋಡುತ್ತಿದ್ದರು. ಹೀಗೆ ತಲೆಯೆತ್ತಿ ನೋಡುವವರು ಮನೆಯಲ್ಲಿ ಇರುವಷ್ಟು ಕಾಲ ಅಟ್ಟಕ್ಕೆ ಅಪಾಯವಿಲ್ಲ.